ಆಟೊಮ್ಯಾಟಿಕ್ ಟಿಕ್ ಇದ್ದರೂ ಸರ್ವರ್‌ನಲ್ಲಿ ‘ಮೆಮೊರಿ ಕಡಿಮೆ’ ಅಂತ ಬರುತ್ತಿದೆಯೇ? ಪೇಜ್ ಫೈಲ್ ಸರಿಪಡಿಸುವ ಸಮಗ್ರ ಮಾರ್ಗದರ್ಶಿ

ಕಲಬುರಗಿ ಗಂಜ್‌ನ ಅಡತ್ ಅಂಗಡಿ, ಕಪನೂರಿನ ದಾಲ್‌ಮಿಲ್, ಯಾದಗಿರಿಯ ಜಿನ್ನಿಂಗ್ ಮಿಲ್, ಬೀದರ್‌ನ ಆಡಿಟರ್ ಆಫೀಸು: ಎಲ್ಲಿ ಹೋದರೂ ಸರ್ವರ್ ಹೆಚ್ಚುಕಮ್ಮಿ ಒಂದೇ ಥರ ಇರುತ್ತದೆ. ಮೂಲೆಯಲ್ಲಿ ಒಂದು ಟವರ್ ಮಶೀನ್, 8 ಅಥವಾ 16 ಜಿಬಿ ರ‍್ಯಾಮ್, ವಿಂಡೋಸ್ ಸರ್ವರ್. ಅದರ ಮೇಲೆ ಟ್ಯಾಲಿ, ವೇ ಬ್ರಿಡ್ಜ್ ಸಾಫ್ಟ್‌ವೇರ್, ಜೊತೆಗೆ ರಿಮೋಟ್ ಡೆಸ್ಕ್‌ಟಾಪ್‌ನಲ್ಲಿ ಕೆಲಸ ಮಾಡುವ ಆರೆಂಟು ಜನ. ತೊಗರಿ ಆವಕ ಜೋರಾದ ಕೂಡಲೇ ಫೋನ್ ಬರುತ್ತದೆ. “ಸರ, ಸರ್ವರ್ ಹ್ಯಾಂಗ್ ಆಗ್ಯಾದ್ರಿ. ಮೆಮೊರಿ ಕಮ್ಮಿ ಅಂತ ತೋರಸ್ಲಿಕತ್ತದ.”

ಆಗ ಬಹಳ ಜನ ಮಾಡುವುದು ಒಂದೇ ಕೆಲಸ. ವರ್ಚುವಲ್ ಮೆಮೊರಿ ಸೆಟ್ಟಿಂಗ್ ತೆರೆದು, ಯಾವುದೋ ದೊಡ್ಡ ಅಂಕಿ ಹಾಕಿ, ರಿಸ್ಟಾರ್ಟ್ ಮಾಡುತ್ತಾರೆ. ಎರಡು ದಿನ ಸುಮ್ನೆ ಇರುತ್ತದೆ, ಮತ್ತೆ ಅದೇ ಕಥೆ. ಯಾಕೆಂದರೆ ಕೊನೆಗೆ ಮಾಡಬೇಕಾದದ್ದನ್ನು ಮೊದಲೇ ಮಾಡಿಬಿಟ್ಟರು. ಪೇಜ್ ಫೈಲ್ ಅಂದರೆ ರ‍್ಯಾಮ್‌ಗೆ ನೆರವಾಗಲು ವಿಂಡೋಸ್ ಡಿಸ್ಕ್ ಮೇಲೆ ಇಟ್ಟುಕೊಳ್ಳುವ ಫೈಲ್. ಅದರ ಗಾತ್ರವನ್ನು ವಿಂಡೋಸ್ ತಾನೇ ನೋಡಿಕೊಳ್ಳಲಿ ಅಂತ ಹೇಳುವುದೇ ‘ಆಟೊಮ್ಯಾಟಿಕ್’ ಟಿಕ್. ಪೇಜ್ ಫೈಲ್ ತೊಂದರೆಯಲ್ಲಿ ಹಂತಗಳ ಕ್ರಮವೇ ಮುಖ್ಯ. ಮೆಮೊರಿ ಯಾರು ತಿನ್ನುತ್ತಿದ್ದಾರೆ ಅಂತ ನೋಡಿ, ಆಮೇಲೆ ಡಿಸ್ಕ್ ನೋಡಿ, ಆಮೇಲೆ ಸೆಟ್ಟಿಂಗ್‌ಗೆ ಕೈ ಹಾಕಬೇಕು.

ಇಲ್ಲಿ ಹೇಳುವುದೆಲ್ಲ ವಿಂಡೋಸ್ ಸರ್ವರ್ 2016, 2019 ಮತ್ತು 2022ಕ್ಕೆ ಅನ್ವಯಿಸುತ್ತದೆ. ಬಟನ್‌ಗಳ ಹೆಸರನ್ನು ಪರದೆಯ ಮೇಲೆ ಹೇಗಿದೆಯೋ ಹಾಗೆಯೇ ಕೊಟ್ಟಿದ್ದೇನೆ.

## ಶುರು ಮಾಡುವ ಮೊದಲು

ಅಡ್ಮಿನಿಸ್ಟ್ರೇಟರ್ ಲಾಗಿನ್ ಬೇಕು. ಸರ್ವರ್‌ಗೆ ನೇರವಾಗಿ ಜೋಡಿಸಿದ ಮಾನಿಟರ್, ಕೀಬೋರ್ಡ್ ಇರಬೇಕು. ರಿಮೋಟ್‌ನಿಂದಲೇ ಎಲ್ಲ ಮುಗಿಸುತ್ತೇನೆ ಅಂತ ಹೊರಟರೆ, ರಿಸ್ಟಾರ್ಟ್ ಆದಾಗ ಪರದೆ ಮೇಲೆ ಬರುವ ಎಚ್ಚರಿಕೆ ನಿಮಗೆ ಕಾಣುವುದೇ ಇಲ್ಲ. ಟ್ಯಾಲಿ ಡೇಟಾ ಮತ್ತು ಡೇಟಾಬೇಸ್‌ನ ಬ್ಯಾಕಪ್ ಬೇರೆ ಡಿಸ್ಕ್‌ನಲ್ಲಿರಲಿ. ಆ ಬ್ಯಾಕಪ್ ತೆರೆಯುತ್ತದೆಯೇ ಅಂತ ಒಮ್ಮೆ ನೋಡಿಕೊಳ್ಳಿ. ಯುಪಿಎಸ್ ಬ್ಯಾಟರಿ ಎಷ್ಟು ಹೊತ್ತು ತಾಳುತ್ತದೆ ಅಂತಲೂ ಗೊತ್ತಿರಲಿ. ಡಿಸ್ಕ್ ಪರೀಕ್ಷೆಯ ನಡುವೆ ಕರೆಂಟ್ ಹೋದರೆ ಚಿಕ್ಕ ತೊಂದರೆ ದೊಡ್ಡದಾಗುತ್ತದೆ.

ಉಪಕರಣಗಳು ಬಹುತೇಕ ವಿಂಡೋಸ್‌ನಲ್ಲೇ ಇವೆ: ಟಾಸ್ಕ್ ಮ್ಯಾನೇಜರ್, ರಿಸೋರ್ಸ್ ಮಾನಿಟರ್, ಈವೆಂಟ್ ವ್ಯೂವರ್, ಪರ್ಫಾರ್ಮೆನ್ಸ್ ಮಾನಿಟರ್. ಹೊರಗಿನಿಂದ ತರಬೇಕಾದದ್ದು ಒಂದೇ, ಮೈಕ್ರೋಸಾಫ್ಟ್‌ನ ಸಿಸ್‌ಇಂಟರ್ನಲ್ಸ್ ಸಂಗ್ರಹದ ಪ್ರೋಸೆಸ್ ಎಕ್ಸ್‌ಪ್ಲೋರರ್. ಇದು ಉಚಿತ, ಇನ್‌ಸ್ಟಾಲ್ ಮಾಡುವ ಅಗತ್ಯವೂ ಇಲ್ಲ. ಕೈಯಲ್ಲೊಂದು ನೋಟ್‌ಬುಕ್ ಇಟ್ಟುಕೊಳ್ಳಿ.

ದಿನವನ್ನೂ ನೋಡಿ ಆರಿಸಿ. ತಿಂಗಳ ಲೆಕ್ಕದವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಕೊನೆ. ಅದರ ಹಿಂದಿನ ಎರಡು ಮೂರು ದಿನ ಸರ್ವರ್ ಮುಟ್ಟಬೇಡಿ. ಗಂಜ್‌ನಲ್ಲಿ ಸವಾಲು (ಹರಾಜು) ನಡೆಯುವ ಹೊತ್ತಿನಲ್ಲಂತೂ ಬೇಡವೇ ಬೇಡ. ಸಂಜೆ ಎಲ್ಲರ ಬಿಲ್ಲಿಂಗ್ ಮುಗಿದ ಮೇಲೆ ಕೂತರೆ ಸಮಾಧಾನದಿಂದ ಕೆಲಸ ಆಗುತ್ತದೆ.

## ಹಂತ 1: ರಿಸ್ಟಾರ್ಟ್ ಮಾಡುವ ಮೊದಲೇ ಅಂಕಿ ಬರೆದುಕೊಳ್ಳಿ

ಎಲ್ಲರೂ ಜಾಸ್ತಿ ಮಾಡುವ ತಪ್ಪು ಇದೇ. ತೊಂದರೆ ಬಂತು, ರಿಸ್ಟಾರ್ಟ್ ಮಾಡಿದರು. ತೊಂದರೆಯ ಜೊತೆ ಅದರ ಸುಳಿವೂ ಅಳಿಸಿಹೋಯಿತು. ಸರ್ವರ್ ಇನ್ನೂ ಸ್ವಲ್ಪವಾದರೂ ಅಲುಗಾಡುತ್ತಿದ್ದರೆ ಐದು ನಿಮಿಷ ತಾಳಿ.

ಟಾಸ್ಕ್ ಮ್ಯಾನೇಜರ್ ತೆರೆದು ‘ಪರ್ಫಾರ್ಮೆನ್ಸ್’ ಟ್ಯಾಬ್‌ನಲ್ಲಿ ‘ಮೆಮೊರಿ’ ಒತ್ತಿ. ಮೇಲಿನ ಗ್ರಾಫ್‌ಗಿಂತ ಕೆಳಗಿನ ಅಂಕಿಗಳು ಮುಖ್ಯ. ಅಲ್ಲಿ ‘ಕಮಿಟೆಡ್’ ಅಂತ ಇರುತ್ತದೆ. ಅದರ ಕೆಳಗೆ, ಉದಾಹರಣೆಗೆ, 22.8/23.5 ಜಿಬಿ ಅಂತ ಎರಡು ಅಂಕಿ. ಎಡಗಡೆಯದು ಎಲ್ಲ ಪ್ರೋಗ್ರಾಂಗಳು ಸೇರಿ ಕಾಯ್ದಿರಿಸಿದ ಮೆಮೊರಿ. ಬಲಗಡೆಯದು ಒಟ್ಟು ಮಿತಿ, ಅಂದರೆ ರ‍್ಯಾಮ್ ಮತ್ತು ಪೇಜ್ ಫೈಲ್ ಕೂಡಿಸಿದರೆ ಬರುವ ಮೊತ್ತ. ಎಡಗಡೆಯ ಅಂಕಿ ಬಲಗಡೆಯದಕ್ಕೆ ಹತ್ತಿರ ಬಂದಷ್ಟೂ ಅಪಾಯ.

ಈ ಕಾಯ್ದಿರಿಸುವ ವಿಚಾರ ಅರ್ಥವಾಗದಿದ್ದರೆ ಮುಂದಿನದೆಲ್ಲ ಗೊಂದಲ ಅನಿಸುತ್ತದೆ. ಗೋದಾಮಿನಲ್ಲಿ ಒಬ್ಬರು ನೂರು ಚೀಲಕ್ಕೆ ಜಾಗ ಬುಕ್ ಮಾಡಿ ಹತ್ತೇ ಚೀಲ ಇಟ್ಟಿದ್ದಾರೆ ಅಂದುಕೊಳ್ಳಿ. ಗೋದಾಮು ಖಾಲಿ ಕಾಣುತ್ತದೆ. ಆದರೆ ಬೇರೆಯವರಿಗೆ ಕೊಡಲು ಜಾಗ ಇಲ್ಲ. ಪ್ರೋಗ್ರಾಂಗಳು ಮಾಡುವುದೂ ಹೀಗೆಯೇ. ಅದಕ್ಕೇ ಪೇಜ್ ಫೈಲ್‌ನ ಬಳಕೆ ಶೇ 3 ಅಂತ ತೋರಿಸುತ್ತಿದ್ದರೂ ‘ಔಟ್ ಆಫ್ ಮೆಮೊರಿ’ ಬರುತ್ತದೆ. ಬಳಕೆ ಕಡಿಮೆ ಇದೆ ಅಂತ ಪೇಜ್ ಫೈಲ್ ಚಿಕ್ಕದು ಮಾಡಿದವರು ಸಿಕ್ಕಿಬೀಳುವುದು ಇಲ್ಲೇ.

ಇವಿಷ್ಟನ್ನು ಬರೆದುಕೊಳ್ಳಿ: ಕಮಿಟೆಡ್‌ನ ಎರಡೂ ಅಂಕಿ, ‘ಅವೇಲಬಲ್’ ಎಷ್ಟು, ‘ಪೇಜ್ಡ್ ಪೂಲ್’, ‘ನಾನ್ ಪೇಜ್ಡ್ ಪೂಲ್’ (ಇವೆರಡೂ ವಿಂಡೋಸ್ ಮತ್ತು ಡ್ರೈವರ್‌ಗಳು ತಮಗಾಗಿ ಹಿಡಿದ ಮೆಮೊರಿ), ಮತ್ತು ಸಿಪಿಯು ಪುಟದಲ್ಲಿರುವ ‘ಅಪ್ ಟೈಮ್’. ರ‍್ಯಾಮ್‌ನ ಒಟ್ಟು ಅಂಕಿಯನ್ನೂ ಕಣ್ಣಿಟ್ಟು ನೋಡಿ. 16 ಜಿಬಿ ಹಾಕಿಸಿದ ಮಶೀನ್ 8 ತೋರಿಸುತ್ತಿದ್ದರೆ ತೊಂದರೆ ಪೇಜ್ ಫೈಲ್‌ನದಲ್ಲ. ದಾಲ್‌ಮಿಲ್‌ನಲ್ಲಿ ದೂಳು ಜಾಸ್ತಿ. ಬ್ಲೋವರ್ ಹಿಡಿದು ಒಳಗೆಲ್ಲ ಸ್ವಚ್ಛ ಮಾಡುವಾಗ ರ‍್ಯಾಮ್ ಕಡ್ಡಿ ಸ್ಲಾಟ್‌ನಲ್ಲಿ ಸಡಿಲಾಗುವುದು ಇದ್ದದ್ದೇ. ಮಶೀನ್ ಪೂರ್ತಿ ಆಫ್ ಮಾಡಿ, ವೈರ್ ತೆಗೆದು, ಕಡ್ಡಿಯನ್ನು ಮತ್ತೆ ಗಟ್ಟಿಯಾಗಿ ಕೂರಿಸಿ. ಆಮೇಲೆ ವಿಂಡೋಸ್ ಮೆಮೊರಿ ಡಯಾಗ್ನೋಸ್ಟಿಕ್ ಓಡಿಸಿ.

## ಹಂತ 2: ಈವೆಂಟ್ ವ್ಯೂವರ್ ಏನು ಹೇಳುತ್ತದೆ ನೋಡಿ

‘ವಿಂಡೋಸ್ ಲಾಗ್ಸ್’ ಒಳಗಿನ ‘ಸಿಸ್ಟಮ್’ ತೆರೆಯಿರಿ. ಬಲಗಡೆ ‘ಫಿಲ್ಟರ್ ಕರೆಂಟ್ ಲಾಗ್’ ಒತ್ತಿ, ಐಡಿ ಜಾಗದಲ್ಲಿ 26, 41, 46, 49, 51, 2004 ಎಂದು ಕಾಮಾ ಹಾಕಿ ಬರೆಯಿರಿ. ಸಾವಿರಾರು ಸಾಲುಗಳ ಬದಲು ಬೇಕಾದ ಕೆಲವೇ ಸಾಲು ಉಳಿಯುತ್ತವೆ.

2004 ಸಿಕ್ಕರೆ ಅರ್ಧ ಕೆಲಸ ಮುಗಿದಂತೆ. ವರ್ಚುವಲ್ ಮೆಮೊರಿ ಕಡಿಮೆಯಾದಾಗ ವಿಂಡೋಸ್ ತಾನೇ ಬರೆದಿಡುವ ಟಿಪ್ಪಣಿ ಅದು. ಆ ಹೊತ್ತಿನಲ್ಲಿ ಎಲ್ಲರಿಗಿಂತ ಹೆಚ್ಚು ಮೆಮೊರಿ ಹಿಡಿದಿದ್ದ ಮೂರು ಪ್ರೋಗ್ರಾಂಗಳ ಹೆಸರು ಅದರಲ್ಲಿ ಇರುತ್ತದೆ. ಅಂಕಿ ಬೈಟ್‌ಗಳಲ್ಲಿ ಇರುವುದರಿಂದ ಉದ್ದ ಕಾಣುತ್ತದೆ. ಕೊನೆಯ ಒಂಬತ್ತು ಅಂಕಿ ಬಿಟ್ಟು ಓದಿದರೆ ಸುಮಾರಾಗಿ ಎಷ್ಟು ಜಿಬಿ ಅಂತ ತಿಳಿಯುತ್ತದೆ.

26 ಅಂದರೆ ಪರದೆ ಮೇಲೆ ಪಾಪ್‌ಅಪ್ ಬಂದಿತ್ತು ಅಂತ. ಅದರೊಳಗಿನ ಮಾತು ಓದಿ. ಪೇಜ್ ಫೈಲ್ ದೊಡ್ಡದು ಮಾಡಲಾಗುತ್ತಿದೆ, ಅಷ್ಟರಲ್ಲಿ ಕೆಲವು ಪ್ರೋಗ್ರಾಂಗಳಿಗೆ ಮೆಮೊರಿ ಸಿಗದಿರಬಹುದು ಅಂತ ಇದ್ದರೆ, ಫೈಲ್ ಬೆಳೆಯುತ್ತಿದೆ ಆದರೆ ಚಿಕ್ಕ ಗಾತ್ರದಿಂದ ಶುರುವಾಗುತ್ತಿದೆ ಎಂದರ್ಥ. ಇದಕ್ಕೆ ಪರಿಹಾರ ಹಂತ 7ರಲ್ಲಿದೆ.

46 ಅಥವಾ 49 ಕಂಡರೆ, ವಿಂಡೋಸ್ ಕ್ರ್ಯಾಶ್ ಆದಾಗ ಅದರ ದಾಖಲೆ ಬರೆಯಲು ಪೇಜ್ ಫೈಲ್ ಸರಿಯಾಗಿಲ್ಲ ಎಂದು ತಿಳಿಯಿರಿ. ಯಾರೋ ಸಿ ಡ್ರೈವ್‌ನ ಪೇಜ್ ಫೈಲ್ ಪೂರ್ತಿ ತೆಗೆದು ಡಿ ಡ್ರೈವ್‌ಗೆ ಹಾಕಿದ್ದರೆ ಇದು ಬರುತ್ತದೆ. 41 ಅಂದರೆ ಸರ್ವರ್ ಸರಿಯಾಗಿ ಶಟ್‌ಡೌನ್ ಆಗದೆ ನಿಂತಿದೆ. ಕರೆಂಟ್ ಹೋಗಿರಬಹುದು, ಯಾರಾದರೂ ಪವರ್ ಬಟನ್ ಒತ್ತಿ ಹಿಡಿದಿರಬಹುದು.

51 ಕಂಡರೆ ಇಲ್ಲೇ ನಿಲ್ಲಿ. ಪೇಜಿಂಗ್, ಅಂದರೆ ರ‍್ಯಾಮ್ ಮತ್ತು ಡಿಸ್ಕ್ ನಡುವೆ ಡೇಟಾ ಸಾಗಿಸುವುದು, ನಡೆಯುವಾಗ ಡಿಸ್ಕ್ ದೋಷ ಕೊಟ್ಟಿದೆ ಎನ್ನುವ ಎಚ್ಚರಿಕೆ ಅದು. ಬರೀ ಒಂದು ಸಲ, ಅದೂ ಹೊರಗಿನ ಯುಎಸ್‌ಬಿ ಡಿಸ್ಕ್ ಕಿತ್ತಾಗ ಬಂದಿದ್ದರೆ ಚಿಂತೆ ಇಲ್ಲ. ಸಿಸ್ಟಮ್ ಡಿಸ್ಕ್ ಮೇಲೆ ಮತ್ತೆ ಮತ್ತೆ ಬರುತ್ತಿದ್ದರೆ, ಅಥವಾ ಜೊತೆಗೆ ಬ್ಯಾಡ್ ಬ್ಲಾಕ್ ಹೇಳುವ 7 ಇದ್ದರೆ, ಮೊದಲು ಬ್ಯಾಕಪ್ ತೆಗೆಯಿರಿ. ಆಮೇಲೆ ಕೇಬಲ್, ಡಿಸ್ಕ್, ರೇಡ್ ಕಾರ್ಡ್ (ಹಲವು ಡಿಸ್ಕ್‌ಗಳನ್ನು ಒಟ್ಟಿಗೆ ನಡೆಸುವ ಕಾರ್ಡ್) ನೋಡಿ. ಸಾಯುತ್ತಿರುವ ಡಿಸ್ಕ್ ಮೇಲೆ ಪೇಜ್ ಫೈಲ್ ಸೆಟ್ಟಿಂಗ್ ಬದಲಿಸುತ್ತ ಕೂರುವುದರಲ್ಲಿ ಅರ್ಥವಿಲ್ಲ, ಅಲ್ವಾ?

## ಹಂತ 3: ಮೆಮೊರಿ ಹಿಡಿದುಕೊಂಡಿರುವವರನ್ನು ಪತ್ತೆ ಮಾಡಿ

ಟಾಸ್ಕ್ ಮ್ಯಾನೇಜರ್‌ನ ‘ಡೀಟೇಲ್ಸ್’ ಟ್ಯಾಬ್‌ಗೆ ಹೋಗಿ. ಮೇಲಿನ ಯಾವುದಾದರೂ ಕಾಲಂ ಹೆಸರಿನ ಮೇಲೆ ರೈಟ್ ಕ್ಲಿಕ್ ಮಾಡಿ ‘ಸೆಲೆಕ್ಟ್ ಕಾಲಮ್ಸ್’ ತೆರೆದು ‘ಕಮಿಟ್ ಸೈಜ್’ ಟಿಕ್ ಮಾಡಿ. ಈಗ ಆ ಕಾಲಂ ಮೇಲೆ ಒತ್ತಿ, ದೊಡ್ಡದು ಮೇಲೆ ಬರುವಂತೆ ಮಾಡಿ.

ಇಲ್ಲಿ ಎಡವುವವರು ಬಹಳ. ಮೊದಲಿನಿಂದಲೂ ಕಾಣುವ ‘ಮೆಮೊರಿ’ ಕಾಲಂ ನೋಡಿ ತೀರ್ಮಾನಕ್ಕೆ ಬಂದುಬಿಡುತ್ತಾರೆ. ಆ ಕಾಲಂ ಈಗ ರ‍್ಯಾಮ್‌ನಲ್ಲಿ ಇರುವುದನ್ನು ಮಾತ್ರ ತೋರಿಸುತ್ತದೆ. ಕಾಯ್ದಿರಿಸಿದ್ದು ಕಾಣುವುದು ‘ಕಮಿಟ್ ಸೈಜ್’ನಲ್ಲಿ. ಒಂದರಲ್ಲಿ 300 ಎಂಬಿ ಕಾಣುವ ಪ್ರೋಗ್ರಾಂ ಇನ್ನೊಂದರಲ್ಲಿ 6 ಜಿಬಿ ಹಿಡಿದಿರಬಹುದು.

ನಮ್ಮ ಕಡೆಯ ಆಫೀಸುಗಳಲ್ಲಿ ಹೆಚ್ಚಾಗಿ ಸಿಗುವ ಕಾರಣ ಮೂರು.

ಒಂದು, ಮುಚ್ಚದೆ ಬಿಟ್ಟುಹೋದ ರಿಮೋಟ್ ಸೆಷನ್. ಮುನೀಮರು ಸಂಜೆ ಮನೆಗೆ ಹೋಗುವಾಗ ಕಿಟಕಿಯ ಕ್ರಾಸ್ ಗುರುತು ಒತ್ತುತ್ತಾರೆ. ಅದು ಲಾಗ್ ಆಫ್ ಅಲ್ಲ, ಸಂಪರ್ಕ ಕಡಿದದ್ದು ಅಷ್ಟೇ. ಒಳಗೆ ಟ್ಯಾಲಿ ತೆರೆದೇ ಇರುತ್ತದೆ, ಜಿಎಸ್‌ಟಿ ಪೋರ್ಟಲ್, ಇ-ವೇ ಬಿಲ್, ಬ್ಯಾಂಕ್ ಅಂತ ಬ್ರೌಸರ್‌ನ ಹತ್ತಾರು ಟ್ಯಾಬ್‌ಗಳೂ ಹಾಗೇ ಇರುತ್ತವೆ. ‘ಯೂಸರ್ಸ್’ ಟ್ಯಾಬ್‌ನಲ್ಲಿ ‘ಡಿಸ್ಕನೆಕ್ಟೆಡ್’ ಅಂತ ಇರುವ ಹೆಸರುಗಳನ್ನು ನೋಡಿ. ಅವರಿಗೆ ಫೋನ್ ಮಾಡಿ ಕೇಳಿ, ಸೇವ್ ಆಗಿದೆ ಅಂದ ಮೇಲೆ ‘ಸೈನ್ ಆಫ್’ ಮಾಡಿ. ಕೇಳದೆ ಮಾಡಬೇಡಿ. ಅರ್ಧ ಬರೆದ ವೋಚರ್ ಹೋದರೆ ಜಗಳ ನಿಮ್ಮ ತಲೆಗೆ ಬರುತ್ತದೆ. ಶಾಶ್ವತ ಪರಿಹಾರಕ್ಕೆ ಗ್ರೂಪ್ ಪಾಲಿಸಿಯಲ್ಲಿ ‘ಸೆಟ್ ಟೈಮ್ ಲಿಮಿಟ್ ಫಾರ್ ಡಿಸ್ಕನೆಕ್ಟೆಡ್ ಸೆಷನ್ಸ್’ ಆನ್ ಮಾಡಿ. ಎರಡು ಮೂರು ಗಂಟೆ ಇಟ್ಟರೆ ಊಟಕ್ಕೆ ಹೋಗಿ ಬಂದವರಿಗೂ ತೊಂದರೆಯಾಗದು.

ಎರಡು, ಡೇಟಾಬೇಸ್. ವೇ ಬ್ರಿಡ್ಜ್ ಅಥವಾ ಸ್ಟಾಕ್ ಸಾಫ್ಟ್‌ವೇರ್ ಹಿಂದೆ ಎಸ್‌ಕ್ಯೂಎಲ್ ಸರ್ವರ್ ಇದ್ದರೆ ಅದರ ‘ಮ್ಯಾಕ್ಸಿಮಮ್ ಸರ್ವರ್ ಮೆಮೊರಿ’ ನೋಡಿ. ಯಾರೂ ಬದಲಿಸದಿದ್ದರೆ ಅಲ್ಲಿ 2147483647 ಎಂಬಿ ಅಂತ ಇರುತ್ತದೆ, ಅಂದರೆ ಮಿತಿಯೇ ಇಲ್ಲ. ಸಿಕ್ಕಷ್ಟು ರ‍್ಯಾಮ್ ಹಿಡಿದಿಟ್ಟುಕೊಳ್ಳುವುದು ಅದರ ಸ್ವಭಾವ, ದೋಷವಲ್ಲ. ಟ್ಯಾಲಿ ಬಳಸುವವರೂ ಇರುವ 16 ಜಿಬಿ ಮಶೀನ್‌ನಲ್ಲಿ 4096ರಿಂದ 6144 ಎಂಬಿ ನಡುವೆ ಇಟ್ಟು ನೋಡಿ. ಎಕ್ಸ್‌ಪ್ರೆಸ್ ಆವೃತ್ತಿಗೆ ತನ್ನದೇ ಚಿಕ್ಕ ಮಿತಿ ಇರುತ್ತದೆ, ಅದನ್ನು ಅನುಮಾನಿಸಬೇಕಾಗಿಲ್ಲ.

ಮೂರು, ಸೋರಿಕೆ. ಒಂದು ಪ್ರೋಗ್ರಾಂ ಬೆಳಗ್ಗೆ 500 ಎಂಬಿ, ಮಧ್ಯಾಹ್ನ 2 ಜಿಬಿ, ಮರುದಿನ 5 ಜಿಬಿ ಹಿಡಿಯುತ್ತ ಹೋಗಿ ಎಂದೂ ಇಳಿಯದಿದ್ದರೆ ಅದು ಮೆಮೊರಿ ಲೀಕ್. ಪೇಜ್ ಫೈಲ್ ಎಷ್ಟು ದೊಡ್ಡದು ಮಾಡಿದರೂ ಅದನ್ನೂ ನುಂಗುತ್ತದೆ. ಆ ಸಾಫ್ಟ್‌ವೇರ್‌ಗೆ ಅಪ್‌ಡೇಟ್ ಹಾಕಿ. ಅದಾಗುವವರೆಗೆ ಅದರ ಸರ್ವಿಸ್ ಅನ್ನು ದಿನಾ ರಾತ್ರಿ ರಿಸ್ಟಾರ್ಟ್ ಆಗುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಇಡಿ.

ಪಟ್ಟಿಯಲ್ಲಿ ದೊಡ್ಡ ಪ್ರೋಗ್ರಾಂ ಯಾವುದೂ ಇಲ್ಲ, ಆದರೂ ಕಮಿಟೆಡ್ ಏರುತ್ತಿದೆ ಅಂದರೆ ಹಂತ 1ರಲ್ಲಿ ಬರೆದುಕೊಂಡ ‘ನಾನ್ ಪೇಜ್ಡ್ ಪೂಲ್’ ನೋಡಿ. ಚಿಕ್ಕ ಆಫೀಸಿನ ಸರ್ವರ್‌ನಲ್ಲಿ ಅದು ಕೆಲವು ಜಿಬಿ ಮುಟ್ಟಿದ್ದರೆ ಯಾವುದೋ ಡ್ರೈವರ್ ಸೋರುತ್ತಿದೆ. ಹೊಸದಾಗಿ ಹಾಕಿದ ಪ್ರಿಂಟರ್ ಡ್ರೈವರ್, ಆ್ಯಂಟಿವೈರಸ್, ನೆಟ್‌ವರ್ಕ್ ಕಾರ್ಡ್ ಡ್ರೈವರ್ ಇವುಗಳಿಂದ ಹುಡುಕಲು ಶುರು ಮಾಡಿ.

## ಹಂತ 4: ಸಿ ಡ್ರೈವ್‌ನ ಲೆಕ್ಕ

‘ಆಟೊಮ್ಯಾಟಿಕ್’ ಇದ್ದರೂ ಫೈಲ್ ಯಾಕೆ ಬೆಳೆಯಲಿಲ್ಲ ಎನ್ನುವ ಪ್ರಶ್ನೆಗೆ ಬಹಳ ಸಲ ಉತ್ತರ ಸಿಗುವುದು ಇಲ್ಲಿ. ನಿಧಾನವಾಗಿ ಓದಿ.

ವಿಂಡೋಸ್ ತಾನೇ ನೋಡಿಕೊಳ್ಳುವ ಪೇಜ್ ಫೈಲ್, ಕಮಿಟೆಡ್ ಅಂಕಿ ಮಿತಿಯ ಶೇ 90 ಮುಟ್ಟಿದಾಗ ಬೆಳೆಯಲು ಶುರುವಾಗುತ್ತದೆ. ಎಷ್ಟರವರೆಗೆ? ರ‍್ಯಾಮ್‌ನ ಮೂರು ಪಟ್ಟು ಅಥವಾ 4 ಜಿಬಿ, ಇವೆರಡರಲ್ಲಿ ದೊಡ್ಡದು ಯಾವುದೋ ಅಲ್ಲಿವರೆಗೆ. ಇದು ಬಹಳ ಜನರಿಗೆ ಗೊತ್ತು. ಗೊತ್ತಿಲ್ಲದ್ದು ಅದರ ಮೇಲಿರುವ ಇನ್ನೊಂದು ಮಿತಿ: ಫೈಲ್ ಇರುವ ಡ್ರೈವ್‌ನ ಒಟ್ಟು ಗಾತ್ರದ ಎಂಟನೇ ಒಂದು ಭಾಗವನ್ನು ಅದು ದಾಟುವುದಿಲ್ಲ. ಕ್ರ್ಯಾಶ್ ದಾಖಲೆಗೆ ಬೇಕಾದಾಗ ಮಾತ್ರ ಈ ಮಿತಿಗೆ ವಿನಾಯಿತಿ ಇದೆ.

ಈಗ ನಮ್ಮ ಕಡೆ ಸರ್ವರ್ ಹಾಕುವ ರೀತಿ ನೆನಪಿಸಿಕೊಳ್ಳಿ. 500 ಜಿಬಿ ಡಿಸ್ಕ್, ಅದರಲ್ಲಿ ‘ವಿಂಡೋಸ್‌ಗೆ ಇಷ್ಟು ಸಾಕು’ ಅಂತ ಸಿ ಡ್ರೈವ್‌ಗೆ 60 ಜಿಬಿ, ಉಳಿದದ್ದೆಲ್ಲ ಡೇಟಾ ಅಂತ ಡಿ ಡ್ರೈವ್‌ಗೆ. ರ‍್ಯಾಮ್ 16 ಜಿಬಿ. ಮೂರು ಪಟ್ಟಿನ ಲೆಕ್ಕದಲ್ಲಿ ಪೇಜ್ ಫೈಲ್ 48 ಜಿಬಿವರೆಗೆ ಹೋಗಬೇಕು. ಆದರೆ 60ನ್ನು 8ರಿಂದ ಭಾಗಿಸಿದರೆ ಬರುವುದು 7.5. ಅಲ್ಲಿಗೆ ಒಟ್ಟು ಮಿತಿ 16 ಕೂಡಿಸು 7.5, ಅಂದರೆ 23.5 ಜಿಬಿ. ಹಂತ 1ರ ಉದಾಹರಣೆಯ ಅಂಕಿ ಇದೇ. ಡಿ ಡ್ರೈವ್‌ನಲ್ಲಿ 400 ಜಿಬಿ ಖಾಲಿ ಬಿದ್ದಿದ್ದರೂ ಸರ್ವರ್ ‘ಮೆಮೊರಿ ಇಲ್ಲ’ ಅನ್ನುತ್ತದೆ. ‘ಆಲ್ ಡ್ರೈವ್ಸ್’ ಅಂತ ಟಿಕ್ ಇದ್ದರೂ ವಿಂಡೋಸ್ ಸಾಮಾನ್ಯವಾಗಿ ಫೈಲ್ ಮಾಡುವುದು ಸಿ ಡ್ರೈವ್‌ನಲ್ಲಿ ಮಾತ್ರ.

ಒಟ್ಟು ಗಾತ್ರ ಸರಿ ಇದ್ದರೂ ಖಾಲಿ ಜಾಗ ಬೇಕಲ್ಲ. ಸಿ ಡ್ರೈವ್ ಕೆಂಪಾಗಿ ಕಾಣುತ್ತಿದ್ದರೆ ಬೆಳೆಯಲು ಎಡೆಯೇ ಇಲ್ಲ. ಮೊದಲು ನೋಡಬೇಕಾದ ಜಾಗಗಳು: ಪ್ರತಿ ಯೂಸರ್‌ನ ಡೌನ್‌ಲೋಡ್ಸ್ ಮತ್ತು ಡೆಸ್ಕ್‌ಟಾಪ್ (ಟ್ಯಾಲಿ ಬ್ಯಾಕಪ್‌ಗಳು ಇಲ್ಲೇ ರಾಶಿ ಬಿದ್ದಿರುತ್ತವೆ), ವಿಂಡೋಸ್ ಫೋಲ್ಡರ್ ಒಳಗಿನ ಟೆಂಪ್, ಹಳೆಯ ‘ಮೆಮೊರಿ ಡಂಪ್’ (ಕ್ರ್ಯಾಶ್ ದಾಖಲೆ) ಫೈಲ್, ಎಲ್ಲರ ರಿಸೈಕಲ್ ಬಿನ್. ಡಿಸ್ಕ್ ಕ್ಲೀನಪ್ ಅನ್ನು ಅಡ್ಮಿನಿಸ್ಟ್ರೇಟರ್ ಆಗಿ ಓಡಿಸಿ ‘ವಿಂಡೋಸ್ ಅಪ್‌ಡೇಟ್ ಕ್ಲೀನಪ್’ ಟಿಕ್ ಮಾಡಿದರೆ ಒಳ್ಳೆಯ ಜಾಗ ಸಿಗುತ್ತದೆ. ವಿನ್‌ಎಸ್‌ಎಕ್ಸ್‌ಎಸ್ ಫೋಲ್ಡರ್ ದೊಡ್ಡದು ಕಾಣುತ್ತದೆ ಅಂತ ಕೈಯಾರೆ ಅಳಿಸಬೇಡಿ. ಅದನ್ನು ಅಳಿಸಿದರೆ ವಿಂಡೋಸನ್ನೇ ಮತ್ತೆ ಹಾಕಬೇಕಾಗಬಹುದು.

## ಹಂತ 5: ಈಗ ಸೆಟ್ಟಿಂಗ್ ತೆರೆಯಿರಿ

ಸ್ಟಾರ್ಟ್ ಮೆನುವಿನಲ್ಲಿ ‘ಪರ್ಫಾರ್ಮೆನ್ಸ್’ ಅಂತ ಟೈಪ್ ಮಾಡಿ, ‘ಅಡ್ಜಸ್ಟ್ ದಿ ಅಪಿಯರೆನ್ಸ್ ಆ್ಯಂಡ್ ಪರ್ಫಾರ್ಮೆನ್ಸ್ ಆಫ್ ವಿಂಡೋಸ್’ ಆರಿಸಿ. ‘ಅಡ್ವಾನ್ಸ್ಡ್’ ಟ್ಯಾಬ್, ಅದರಲ್ಲಿ ‘ವರ್ಚುವಲ್ ಮೆಮೊರಿ’ ಕೆಳಗಿನ ‘ಚೇಂಜ್’.

ಏನನ್ನೂ ಬದಲಿಸುವ ಮೊದಲು ಈ ಕಿಟಕಿಯ ಫೋಟೊ ಮೊಬೈಲ್‌ನಲ್ಲಿ ತೆಗೆದುಕೊಳ್ಳಿ. ಕೆಳಗೆ ‘ಕರೆಂಟ್ಲಿ ಅಲೊಕೇಟೆಡ್’ ಅಂತ ಇರುವ ಅಂಕಿ ಈಗಿನ ನಿಜವಾದ ಗಾತ್ರ. ಅದರ ಮೇಲಿನ ‘ರೆಕಮೆಂಡೆಡ್’ ಅಂಕಿ ನೋಡಿ ಗಾತ್ರ ನಿರ್ಧರಿಸಬೇಡಿ. ನಿಮ್ಮ ಆಫೀಸಿನಲ್ಲಿ ಎಷ್ಟು ಜನ ಟ್ಯಾಲಿ ತೆರೆಯುತ್ತಾರೆ ಅಂತ ಅದಕ್ಕೆ ಗೊತ್ತಿಲ್ಲ.

ಮೇಲಿನ ಆಟೊಮ್ಯಾಟಿಕ್ ಟಿಕ್ ಇಲ್ಲದೆ, ಚಿಕ್ಕ ‘ಕಸ್ಟಮ್ ಸೈಜ್’ ಅಥವಾ ‘ನೋ ಪೇಜಿಂಗ್ ಫೈಲ್’ ಕಂಡರೆ ಹಿಂದೆ ಯಾರೋ ಬದಲಿಸಿದ್ದಾರೆ. ಸಿ ಡ್ರೈವ್ ದೊಡ್ಡದಿದ್ದರೆ ಟಿಕ್ ವಾಪಸ್ ಹಾಕಿ ರಿಸ್ಟಾರ್ಟ್ ಮಾಡಿ, ಅಷ್ಟೇ ಸಾಕು.

ಹಂತ 4ರಲ್ಲಿ ಹೇಳಿದಂತೆ ಸಿ ಡ್ರೈವ್ ಚಿಕ್ಕದಿದ್ದರೆ ಹೀಗೆ ಮಾಡಿ. ಆಟೊಮ್ಯಾಟಿಕ್ ಟಿಕ್ ತೆಗೆಯಿರಿ. ಪಟ್ಟಿಯಲ್ಲಿ ಸಿ ಆರಿಸಿ, ‘ಸಿಸ್ಟಮ್ ಮ್ಯಾನೇಜ್ಡ್ ಸೈಜ್’ ಆರಿಸಿ, ‘ಸೆಟ್’ ಒತ್ತಿ. ಆಮೇಲೆ ಡಿ ಆರಿಸಿ, ಅದಕ್ಕೂ ‘ಸಿಸ್ಟಮ್ ಮ್ಯಾನೇಜ್ಡ್ ಸೈಜ್’, ಮತ್ತೆ ‘ಸೆಟ್’ ಒತ್ತಿ. ಕೊನೆಗೆ ‘ಓಕೆ’, ಆಮೇಲೆ ರಿಸ್ಟಾರ್ಟ್. 440 ಜಿಬಿ ಡಿ ಡ್ರೈವ್‌ನ ಎಂಟನೇ ಒಂದು ಭಾಗ 55 ಜಿಬಿ. ಹಾಗಾಗಿ ಅಲ್ಲಿನ ಫೈಲ್ ಮೂರು ಪಟ್ಟಿನ 48 ಜಿಬಿವರೆಗೂ ಬೆಳೆಯಬಹುದು. ಎರಡೂ ಫೈಲ್‌ಗಳ ಗಾತ್ರ ಒಟ್ಟು ಮಿತಿಗೆ ಸೇರುತ್ತದೆ.

‘ಸೆಟ್’ ಬಟನ್ ಬಗ್ಗೆ ಮತ್ತೆ ಮತ್ತೆ ಹೇಳಿದ್ದಕ್ಕೆ ಕಾರಣ ಇದೆ. ಅದನ್ನು ಒತ್ತದೆ ನೇರವಾಗಿ ‘ಓಕೆ’ ಒತ್ತಿದರೆ ನೀವು ಆರಿಸಿದ್ದು ಉಳಿಯುವುದಿಲ್ಲ. ಬದಲಾಯಿತು ಅಂದುಕೊಂಡು ಎದ್ದು ಹೋಗುತ್ತಾರೆ, ವಾರದ ಮೇಲೆ ಮತ್ತೆ ಫೋನ್. ‘ಸೆಟ್’ ಒತ್ತಿದ ಮೇಲೆ ಮೇಲಿನ ಪಟ್ಟಿಯಲ್ಲಿ ಡ್ರೈವ್ ಹೆಸರಿನ ಎದುರು ಹೊಸ ಮಾತು ಕಂಡಿತೇ ಅಂತ ನೋಡಿಯೇ ‘ಓಕೆ’ ಒತ್ತಿ.

ಡಿ ಡ್ರೈವ್‌ನಲ್ಲಿ ಜಾಗ ಇದೆ ಅಂತ ಸಿ ಡ್ರೈವ್‌ನದನ್ನು ಪೂರ್ತಿ ತೆಗೆಯಬೇಡಿ. ಹಂತ 2ರ 46, 49 ಬರುವುದು ಹಾಗೆ. ಹೊರಗಿನ ಯುಎಸ್‌ಬಿ ಡಿಸ್ಕ್‌ನಲ್ಲಂತೂ ಪೇಜ್ ಫೈಲ್ ಇಡುವ ಯೋಚನೆಯೇ ಬೇಡ.

## ಹಂತ 6: ‘ಟೆಂಪರರಿ ಪೇಜಿಂಗ್ ಫೈಲ್’ ಎಚ್ಚರಿಕೆ ಬಂದರೆ

ಲಾಗಿನ್ ಆದ ಕೂಡಲೇ, ಪೇಜ್ ಫೈಲ್‌ನಲ್ಲಿ ತೊಂದರೆ ಇದ್ದದ್ದರಿಂದ ವಿಂಡೋಸ್ ತಾತ್ಕಾಲಿಕ ಫೈಲ್ ಮಾಡಿಕೊಂಡಿದೆ ಅಂತ ಕಿಟಕಿ ಬರಬಹುದು. ಟಿಕ್ ಹಾಕಿದರೂ ಮುಂದಿನ ರಿಸ್ಟಾರ್ಟ್‌ನಲ್ಲಿ ಮತ್ತೆ ಅದೇ.

ಮೊದಲು ಸಿ ಡ್ರೈವ್‌ನ ಪ್ರಾಪರ್ಟೀಸ್‌ನಲ್ಲಿ ‘ಸೆಕ್ಯುರಿಟಿ’ ಟ್ಯಾಬ್ ನೋಡಿ. ‘ಸಿಸ್ಟಮ್’ ಎನ್ನುವ ಹೆಸರಿಗೆ ‘ಫುಲ್ ಕಂಟ್ರೋಲ್’ ಇರಬೇಕು. ವೈರಸ್ ಬರದಿರಲಿ ಅಂತ ಯಾರೋ ಡ್ರೈವ್‌ನ ಅನುಮತಿಗಳನ್ನು ಬಿಗಿ ಮಾಡಿದ್ದರೆ ವಿಂಡೋಸ್ ತನ್ನದೇ ಫೈಲ್ ಮಾಡಲಾಗದೆ ಸೋಲುತ್ತದೆ.

ಅನುಮತಿ ಸರಿ ಇದ್ದರೆ ಡಿಸ್ಕ್ ಪರೀಕ್ಷೆ ಮಾಡಿ. ಸಿ ಡ್ರೈವ್‌ಗೆ ಚೆಕ್ ಡಿಸ್ಕ್ ಹಚ್ಚಿದರೆ ಮುಂದಿನ ರಿಸ್ಟಾರ್ಟ್‌ನಲ್ಲಿ ಓಡುತ್ತದೆ. ಹಳೆಯ ಹಾರ್ಡ್ ಡಿಸ್ಕ್ ಆದರೆ ಗಂಟೆಗಟ್ಟಲೆ ಹಿಡಿಯುತ್ತದೆ. ನಡುವೆ ನಿಂತಿದೆ ಅನಿಸಿದರೂ ಪವರ್ ಬಟನ್ ಮುಟ್ಟಬೇಡಿ.

ಅದೂ ಸರಿ ಇದ್ದರೆ ಫೈಲನ್ನೇ ಹೊಸದಾಗಿ ಮಾಡಿಸಬೇಕು. ಎಲ್ಲರನ್ನೂ ಸೈನ್ ಆಫ್ ಮಾಡಿಸಿ. ಡೇಟಾಬೇಸ್ ಸರ್ವಿಸ್ ನಿಲ್ಲಿಸಿ, ಅದು ತಾನಾಗಿ ಶುರುವಾಗದಂತೆ ‘ಮ್ಯಾನುವಲ್’ ಮಾಡಿ. ಪ್ರತಿ ಡ್ರೈವ್‌ಗೂ ‘ನೋ ಪೇಜಿಂಗ್ ಫೈಲ್’ ಆರಿಸಿ ‘ಸೆಟ್’, ‘ಓಕೆ’, ರಿಸ್ಟಾರ್ಟ್. ಸಿ ಡ್ರೈವ್ ತೆರೆದ ಕೂಡಲೇ, ಯಾವ ಫೋಲ್ಡರ್ ಒಳಗೂ ಅಲ್ಲದೆ, ಪೇಜ್‌ಫೈಲ್ ಡಾಟ್ ಸಿಸ್ (pagefile.sys) ಇನ್ನೂ ಉಳಿದಿದ್ದರೆ ಅಳಿಸಿ. ಅದು ಅಡಗಿಸಿದ ಸಿಸ್ಟಮ್ ಫೈಲ್ ಆದ್ದರಿಂದ ಫೋಲ್ಡರ್ ಆಪ್ಷನ್ಸ್‌ನಲ್ಲಿ ‘ಹೈಡ್ ಪ್ರೊಟೆಕ್ಟೆಡ್ ಆಪರೇಟಿಂಗ್ ಸಿಸ್ಟಮ್ ಫೈಲ್ಸ್’ ಟಿಕ್ ತೆಗೆದರೆ ಮಾತ್ರ ಕಾಣುತ್ತದೆ. ಆಮೇಲೆ ಹಂತ 5ರಂತೆ ಸೆಟ್ಟಿಂಗ್ ವಾಪಸ್ ಕೊಟ್ಟು ಇನ್ನೊಮ್ಮೆ ರಿಸ್ಟಾರ್ಟ್ ಮಾಡಿ, ಡೇಟಾಬೇಸ್ ಸರ್ವಿಸ್ ಮತ್ತೆ ‘ಆಟೊಮ್ಯಾಟಿಕ್’ ಮಾಡಿ. ಈ ಎರಡು ರಿಸ್ಟಾರ್ಟ್‌ಗಳ ನಡುವೆ ಸರ್ವರ್ ಬರೀ ರ‍್ಯಾಮ್ ಮೇಲೆ ನಿಂತಿರುತ್ತದೆ. ಆಗ ಯಾರನ್ನೂ ಒಳಗೆ ಬಿಡಬೇಡಿ.

## ಹಂತ 7: ಕೈಯಾರೆ ಅಳತೆ ಕೊಡಬೇಕಾದಾಗ

ರ‍್ಯಾಮ್‌ನ ಒಂದೂವರೆ ಪಟ್ಟು ಎನ್ನುವ ಹಳೆಯ ಸೂತ್ರ ಇನ್ನೂ ಓಡಾಡುತ್ತಿದೆ. ಅದನ್ನು ಬಿಟ್ಟುಬಿಡಿ. ಗಾತ್ರ ನಿರ್ಧರಿಸಬೇಕಾದದ್ದು ನಿಮ್ಮ ಸರ್ವರ್ ಅತಿ ಹೆಚ್ಚು ಎಷ್ಟು ಕಾಯ್ದಿರಿಸಿತು ಎನ್ನುವುದರಿಂದ.

ಟಾಸ್ಕ್ ಮ್ಯಾನೇಜರ್ ಈಗಿನದನ್ನು ಮಾತ್ರ ತೋರಿಸುತ್ತದೆ. ಪ್ರೋಸೆಸ್ ಎಕ್ಸ್‌ಪ್ಲೋರರ್ ತೆರೆದು ‘ವ್ಯೂ’ ಮೆನುವಿನ ‘ಸಿಸ್ಟಮ್ ಇನ್ಫರ್ಮೇಷನ್’ನಲ್ಲಿ ‘ಮೆಮೊರಿ’ ಟ್ಯಾಬ್ ನೋಡಿ. ‘ಕಮಿಟ್ ಚಾರ್ಜ್’ ಕೆಳಗೆ ‘ಪೀಕ್’ ಇದೆ. ಸರ್ವರ್ ಆನ್ ಆದಾಗಿನಿಂದ ಮುಟ್ಟಿದ ಎತ್ತರ ಅದು. ಸುಮ್ನೆ ಒಂದು ಬಿಡುವಿನ ದಿನ ನೋಡಿದರೆ ಪ್ರಯೋಜನವಿಲ್ಲ. ಆವಕ ಜೋರಾಗಿರುವ ವಾರ, ರಿಟರ್ನ್ ತುಂಬುವ ದಿನ, ರಾತ್ರಿಯ ಬ್ಯಾಕಪ್, ಎಲ್ಲವೂ ಆ ಅವಧಿಯಲ್ಲಿ ಬಂದಿರಬೇಕು.

ಉದಾಹರಣೆಗೆ ಪೀಕ್ 21 ಜಿಬಿ, ರ‍್ಯಾಮ್ 16 ಜಿಬಿ. ಕೊರತೆ 5 ಜಿಬಿ. ಹಂತ 5ರ ಕಿಟಕಿಯಲ್ಲಿ ‘ಕಸ್ಟಮ್ ಸೈಜ್’ ಆರಿಸಿ, ಅದಕ್ಕೆ ಸ್ವಲ್ಪ ಮಿಗಿಲಾಗಿ ‘ಇನಿಶಿಯಲ್ ಸೈಜ್’ 8192, ‘ಮ್ಯಾಕ್ಸಿಮಮ್ ಸೈಜ್’ 16384 ಎಂಬಿ ಕೊಡಬಹುದು. ಮೊದಲೇ 8 ಜಿಬಿ ಇರುವುದರಿಂದ ಬಿಲ್ಲಿಂಗ್ ನಡುವೆ ಫೈಲ್ ಹಿಗ್ಗುವ ಪ್ರಸಂಗ ಕಡಿಮೆಯಾಗುತ್ತದೆ, 26ರ ಪಾಪ್‌ಅಪ್ ಕೂಡ. ದೊಡ್ಡದು ಮಾಡಿದ್ದು ಕೆಲವೊಮ್ಮೆ ಕೂಡಲೇ ಜಾರಿಯಾಗುತ್ತದೆ, ಚಿಕ್ಕದು ಮಾಡಿದ್ದಕ್ಕೆ ರಿಸ್ಟಾರ್ಟ್ ಬೇಕೇ ಬೇಕು.

## ಹಂತ 8: ಪೇಜ್ ಫೈಲ್ ಸರಿ ಇದೆ, ಆದರೂ ನಿಧಾನ

ಎಚ್ಚರಿಕೆ ನಿಂತಿತು, ಆದರೆ ಟ್ಯಾಲಿಯಲ್ಲಿ ಒಂದು ಲೆಡ್ಜರ್ ತೆರೆಯಲು ಚಹಾ ಕುಡಿದು ಬರುವಷ್ಟು ಹೊತ್ತು. ಇದು ಬೇರೆ ತೊಂದರೆ. ರಿಸೋರ್ಸ್ ಮಾನಿಟರ್‌ನ ‘ಮೆಮೊರಿ’ ಟ್ಯಾಬ್‌ನಲ್ಲಿ ‘ಹಾರ್ಡ್ ಫಾಲ್ಟ್ಸ್’ (ಬೇಕಾದದ್ದು ರ‍್ಯಾಮ್‌ನಲ್ಲಿ ಸಿಗದೆ ಡಿಸ್ಕ್‌ನಿಂದ ತರಬೇಕಾದ ಸಲಗಳು) ಗ್ರಾಫ್ ನೋಡಿ, ಜೊತೆಗೆ ಡಿಸ್ಕ್ ಎಷ್ಟು ದುಡಿಯುತ್ತಿದೆ ನೋಡಿ. ಅವೇಲಬಲ್ ಮೆಮೊರಿ ಒಟ್ಟು ರ‍್ಯಾಮ್‌ನ ಶೇ 5ರಿಂದ 10ಕ್ಕಿಂತ ಕೆಳಗೇ ಇದೆ, ಹಾರ್ಡ್ ಫಾಲ್ಟ್ ಏರಿಯೇ ಇದೆ, ಡಿಸ್ಕ್ ಶೇ 100ರಲ್ಲೇ ಇದೆ, ಮೂರೂ ಒಟ್ಟಿಗೆ ಬಹಳ ಹೊತ್ತು ಇದ್ದರೆ ರ‍್ಯಾಮ್ ಸಾಲುತ್ತಿಲ್ಲ. ರ‍್ಯಾಮ್ ಹಾಕಿಸಿ. ಪೇಜ್ ಫೈಲ್ ಎಷ್ಟೇ ದೊಡ್ಡದಾದರೂ ಡಿಸ್ಕ್ ರ‍್ಯಾಮ್‌ನ ವೇಗಕ್ಕೆ ಬರಲಾರದು.

ಹಾರ್ಡ್ ಫಾಲ್ಟ್ ಒಂದೇ ಏರಿದರೆ ಗಾಬರಿ ಬೇಡ. ಬ್ಯಾಕಪ್ ಅಥವಾ ಆ್ಯಂಟಿವೈರಸ್ ಸ್ಕ್ಯಾನ್ ಓಡುವಾಗ ಫೈಲ್‌ಗಳನ್ನು ಓದುವುದರಿಂದಲೂ ಅದು ಏರುತ್ತದೆ.

ಏಪ್ರಿಲ್, ಮೇನಲ್ಲಿ ಇಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. ಫ್ಯಾನ್‌ಗೆ ದೂಳು ಮೆತ್ತಿ, ಗಾಳಿಯಾಡದ ಮೂಲೆಯಲ್ಲಿ ಮಶೀನ್ ಇದ್ದರೆ ಪ್ರೊಸೆಸರ್ ತಾನೇ ವೇಗ ಇಳಿಸಿಕೊಳ್ಳುತ್ತದೆ. ಬೆಳಗ್ಗೆ ಚೆನ್ನಾಗಿದ್ದು ಮಧ್ಯಾಹ್ನ ಮಾತ್ರ ನಿಧಾನವಾದರೆ ಮೆಮೊರಿಗಿಂತ ಮೊದಲು ಬಿಸಿಯನ್ನು ಅನುಮಾನಿಸಿ.

## ಹಂತ 9: ಮುಂದಿನ ಒಂದು ತಿಂಗಳು ಕಣ್ಣಿಡಿ

ಪರ್ಫಾರ್ಮೆನ್ಸ್ ಮಾನಿಟರ್‌ನಲ್ಲಿ ‘ಡೇಟಾ ಕಲೆಕ್ಟರ್ ಸೆಟ್ಸ್’ ಒಳಗಿನ ‘ಯೂಸರ್ ಡಿಫೈನ್ಡ್’ ಮೇಲೆ ರೈಟ್ ಕ್ಲಿಕ್ ಮಾಡಿ ಹೊಸದೊಂದನ್ನು ಮಾಡಿ. ‘ಮೆಮೊರಿ’ ಗುಂಪಿನಿಂದ ‘ಪರ್ಸೆಂಟ್ ಕಮಿಟೆಡ್ ಬೈಟ್ಸ್ ಇನ್ ಯೂಸ್’ ಮತ್ತು ‘ಅವೇಲಬಲ್ ಎಂಬೈಟ್ಸ್’, ‘ಪೇಜಿಂಗ್ ಫೈಲ್’ ಗುಂಪಿನಿಂದ ‘ಪರ್ಸೆಂಟ್ ಯೂಸೇಜ್’ ಸೇರಿಸಿ. ಪ್ರತಿ 60 ಸೆಕೆಂಡಿಗೆ ಒಮ್ಮೆ ಬರೆದರೆ ಸಾಕು. ಲಾಗ್ ಡಿ ಡ್ರೈವ್‌ಗೆ ಹೋಗಲಿ.

ಮೊದಲ ಅಂಕಿ 80ರ ಕೆಳಗೆ ಓಡಾಡುತ್ತಿದ್ದರೆ ನೆಮ್ಮದಿ. 90 ದಾಟಿದ ಹೊತ್ತು ಕಂಡರೆ ಆ ಸಮಯ ಬರೆದುಕೊಂಡು, ಆಗ ಯಾರು ಲಾಗಿನ್ ಇದ್ದರು, ಯಾವ ರಿಪೋರ್ಟ್ ಓಡುತ್ತಿತ್ತು ಅಂತ ಕೇಳಿ, ಹಂತ 3ಕ್ಕೆ ಮರಳಿ. ದಿನದಿಂದ ದಿನಕ್ಕೆ ಗೆರೆ ಏಣಿಯಂತೆ ಏರುತ್ತ, ಎಲ್ಲರೂ ಲಾಗ್ ಆಫ್ ಆದ ಮೇಲೂ ಇಳಿಯದಿದ್ದರೆ ಸೋರಿಕೆ ಇನ್ನೂ ಇದೆ.

ಈ ಕಲೆಕ್ಟರ್ ಸರ್ವರ್ ರಿಸ್ಟಾರ್ಟ್ ಆದ ಮೇಲೆ ತಾನಾಗಿ ಶುರುವಾಗುವುದಿಲ್ಲ. ಕರೆಂಟ್ ಹೋಗಿ ಬಂದ ಪ್ರತಿ ಸಲ ಅದನ್ನು ಮತ್ತೆ ಸ್ಟಾರ್ಟ್ ಮಾಡಿ. ಇಲ್ಲವೇ ಸರ್ವರ್ ಆನ್ ಆದಾಗಲೇ ಓಡುವಂತೆ ಟಾಸ್ಕ್ ಶೆಡ್ಯೂಲರ್‌ನಲ್ಲಿ ಒಂದು ಟಾಸ್ಕ್ ಇಟ್ಟುಬಿಡಿ.